ಸೈಕಲ್‌ಗೆ ಮೊಬೈಲ್ ಹೋಲ್ಡರ್ ತಗೊಳ್ಳೋ ಮುಂಚೆ ಹ್ಯಾಂಡಲ್‌ಗೆ ಒಂದು ದಾರ ಸುತ್ತಿ ನೋಡ್ರಿ

ಸೈಕಲ್‌ಗೆ ಮೊಬೈಲ್ ಹೋಲ್ಡರ್ ಹಾಕಿಸ್ಬೇಕು ಅಂದ ತಕ್ಷಣ ಎಲ್ರೂ ಕೇಳೋದು ಒಂದೇ, ನನ್ ಫೋನ್ ಇದ್ರಲ್ಲಿ ಕೂರುತ್ತಾ ಅಂತ. ಕೂರುತ್ತೆ ಬಿಡ್ರಿ, ನೂರೈವತ್ತು ರೂಪಾಯಿದು ಹಿಡ್ಕೊಂಡು ಈಗ ಸಿಗೋ ಹೆಚ್ಚುಕಮ್ಮಿ ಎಲ್ಲಾ ಹೋಲ್ಡರಲ್ಲೂ ಆರೂವರೆ ಇಂಚಿನ ಫೋನ್ ಕೂರುತ್ತೆ. ಕೂರದೇ ಇರೋದು ಹೋಲ್ಡರು, ಅದೂ ನಿಮ್ಮ ಹ್ಯಾಂಡಲ್ ಮೇಲೆ. ಫೋನ್ ಬಿತ್ತು ಅಂತ ಬರೋರನ್ನ ವಿಚಾರಿಸಿ ನೋಡಿ, ಫೋನ್ ಹೋಲ್ಡರಿಂದ ಜಾರಿ ಬಿದ್ದಿರೋದು ಕಮ್ಮಿ, ಹೋಲ್ಡರೇ ಸಮೇತ ಗಿರ್ರಂತ ತಿರುಗಿ ಕೆಳಗೆ ನೇತಾಡಿರೋದೇ ಜಾಸ್ತಿ.

ದಾವಣಗೆರೇಲಿ ನಮ್ಮನೇಲಿ ಮೂರು ಥರದ ಸೈಕಲ್ ಇದಾವೆ. ನಂದು ಗೇರ್ ಸೈಕಲ್ಲು, ಬೆಳಗ್ಗೆ ಕುಂದವಾಡ ಕೆರೆ ಕಡೆ, ಭಾನುವಾರ ಆದ್ರೆ ಬಾತಿ ದಾಟಿ ಹರಿಹರಕ್ಕೋ ಇಲ್ಲಾ ಕೊಂಡಜ್ಜಿಗೋ. ಮಗಳದು ಮುಂದೆ ಬುಟ್ಟಿ ಇರೋ ಸಾದಾ ಲೇಡೀಸ್ ಸೈಕಲ್, ಟ್ಯೂಷನ್ನಿಗೆ ಹೋಗೋದಕ್ಕೆ. ಇನ್ನೊಂದು ನಮ್ಮಪ್ಪಾಜಿದು, ರಾಡ್ ಬ್ರೇಕಿನ ಹಳೇ ಕರೀ ಸೈಕಲ್ಲು, ಅದನ್ನ ಮಾರೋಣ ಅಂದ್ರೆ ಬೈತಾರೆ. ಚಿತ್ರದುರ್ಗದಲ್ಲಿರೋ ನಮ್ಮ ಚಿಕ್ಕಪ್ಪನ ಮಗನೂ ಸೈಕಲ್ ಹುಚ್ಚನೇ, ಜೋಗಿಮಟ್ಟಿ ಏರು ಹತ್ತಿ ಇಳಿಯೋದು ಅವನ ವಾರದ ಕೆಲಸ. ಇಷ್ಟೂ ಸೈಕಲ್‌ಗಳ ಮೇಲೆ ಕಮ್ಮಿ ರೇಟಿನ ನಾಕು ಥರದ ಹೋಲ್ಡರ್ ಹಾಕಿ ತೆಗೆದು ನೋಡಿದ್ದಾಗಿದೆ, ಅದನ್ನೇ ಬರೀತಿದೀನಿ. ಐನೂರು ರೂಪಾಯಿ ಆಸುಪಾಸಿನ ಮಾತು ಇದು, ಸಾವಿರಗಟ್ಲೆ ಕೊಟ್ಟು ಕ್ವಾಡ್ ಲಾಕ್, ಎಸ್‌ಪಿ ಕನೆಕ್ಟ್ ಅನ್ನೋ ಕಂಪನಿಗಳ ಹೋಲ್ಡರ್ ತಗೊಳ್ಳೋರಿಗೆ ಇದು ಬೇಕಾಗಲ್ಲ. ಅವು ಚೆನ್ನಾಗಿದಾವೆ, ಫೋನಿನ ಹಿಂದೆ ಅವರದೇ ಕವರ್ ಹಾಕಿ ತಿರುಗಿಸಿದ್ರೆ ಟಕ್ ಅಂತ ಲಾಕ್ ಆಗುತ್ತೆ, ಆದ್ರೆ ಕವರು ಬೇರೆ ಹೋಲ್ಡರು ಬೇರೆ ಅಂತ ದುಡ್ಡು, ಫೋನ್ ಬದಲಾಯಿಸಿದಾಗ ಕವರ್ ಮತ್ತೆ ಹೊಸದು.

ಮೊದಲು ಅಳತೆ ಮಾತು, ಯಾಕಂದ್ರೆ ಅರ್ಧ ಜನ ದುಡ್ಡು ದಂಡ ಮಾಡ್ಕೊಳ್ಳೋದು ಇಲ್ಲೇ. ಸೈಕಲ್ ಹ್ಯಾಂಡಲ್ ಎಲ್ಲಾ ಒಂದೇ ದಪ್ಪ ಇರಲ್ಲ. ಗ್ರಿಪ್ ಹಾಕೋ ಜಾಗದಲ್ಲಿ ಸಾಮಾನ್ಯವಾಗಿ 22.2 ಎಂಎಂ. ಮಧ್ಯೆ ಸ್ಟೆಮ್ಮು, ಅಂದ್ರೆ ಹ್ಯಾಂಡಲನ್ನ ಸೈಕಲ್‌ಗೆ ಸೇರಿಸೋ ತುಂಡು, ಕಚ್ಚಿಕೊಳ್ಳೋ ಜಾಗದಲ್ಲಿ ಹಳೇ ಮತ್ತೆ ಸಾದಾ ಸೈಕಲ್‌ಗಳಲ್ಲಿ 25.4, ಈಗಿನ ಗೇರ್ ಸೈಕಲ್‌ಗಳಲ್ಲಿ ಜಾಸ್ತಿ 31.8, ತೀರಾ ಹೊಸಾ ಮೌಂಟೇನ್ ಸೈಕಲ್ ಕೆಲವಕ್ಕೆ 35 ಎಂಎಂ ವರೆಗೂ ಇದೆ. ದಪ್ಪ ಅಳೆಯೋ ವರ್ನಿಯರ್ ಯಾರ ಮನೇಲಿರುತ್ತೆ ಹೇಳಿ, ಅದಕ್ಕೇ ದಾರ. ಎಲ್ಲಿ ಹೋಲ್ಡರ್ ಹಾಕ್ಬೇಕು ಅಂತಿದೀರೋ ಅಲ್ಲಿ ದಾರ ಒಂದು ಸುತ್ತು ಬಿಗಿಯಾಗಿ ಸುತ್ತಿ, ಪೆನ್ನಲ್ಲಿ ಗುರುತು ಹಾಕಿ, ಬಿಚ್ಚಿ ಮಕ್ಕಳ ಸ್ಕೇಲ್ ಮೇಲೆ ಇಡಿ. ಏಳು ಸೆಂಟಿಮೀಟರ್ ಬಂದ್ರೆ 22.2, ಎಂಟು ಬಂದ್ರೆ 25.4, ಹತ್ತು ಬಂದ್ರೆ 31.8. ಲೆಕ್ಕ ಹಾಕೋ ತಲೆಬಿಸಿನೂ ಇಲ್ಲ, ಏಳು ಎಂಟು ಹತ್ತು ಅಂತ ನೆನಪಿಟ್ಕೊಂಡ್ರೆ ಸಾಕು.

ಈಗ ಹೋಲ್ಡರ್ ಬಾಕ್ಸ್ ಮೇಲೆ ನೋಡಿ, ಕ್ಲ್ಯಾಂಪ್ ರೇಂಜ್ ಅಂತ ಇರುತ್ತೆ, ಅಂದ್ರೆ ಎಷ್ಟು ದಪ್ಪದ ಹ್ಯಾಂಡಲ್ ಹಿಡಿಯುತ್ತೆ ಅಂತ. ಇಷ್ಟರಿಂದ ಇಷ್ಟು ಎಂಎಂ ಅಂತ ಬರೆದಿರ್ತಾರೆ. ಬರೀ "ಎಲ್ಲಾ ಸೈಕಲ್‌ಗೂ ಆಗುತ್ತೆ" ಅಂತ ಬರೆದು ನಂಬರ್ ಹಾಕದೇ ಇರೋದನ್ನ ನಾನಂತೂ ತಗೊಳ್ಳಲ್ಲ. ಆನ್‌ಲೈನ್‌ನಲ್ಲಿ ಹುಡುಕಿದ್ರೆ ಮುಕ್ಕಾಲು ಪಾಲು ಮೋಟಾರ್ ಬೈಕಿನವೇ ಬರ್ತಾವೆ, ಅದರಲ್ಲೂ ಕನ್ನಡಿ ಕಂಬಿಗೆ ಕಚ್ಚಿಸೋ ಥರದ್ದು ತುಂಬಾ, ಫೋಟೋದಲ್ಲಿ ಎರಡೂ ಒಂದೇ ಥರ ಕಾಣ್ತವೆ. ಸೈಕಲ್‌ಗೆ ಕನ್ನಡಿ ಎಲ್ಲಿಂದ ತರೋಣ. ಕೆಳಗಿನ ಭಾಗ ಹ್ಯಾಂಡಲ್ ಸುತ್ತ ಬರೋ ಬಳೆನಾ ಇಲ್ಲಾ ಕನ್ನಡಿ ಕಂಬಿಗೆ ಹೋಗೋ ತೂತಿರೋ ಪಟ್ಟಿನಾ ಅಂತ ಫೋಟೋ ದೊಡ್ಡದು ಮಾಡಿ ನೋಡ್ಕೊಳ್ಳಿ.

ಇನ್ನೊಂದು ವಿಷಯ ಯಾರೂ ಹೇಳಲ್ಲ. 31.8 ಹ್ಯಾಂಡಲ್ ಮಧ್ಯೆ ದಪ್ಪ ಇದ್ದು ಗ್ರಿಪ್ ಕಡೆ ಹೋಗ್ತಾ ಸಣ್ಣ ಆಗುತ್ತಲ್ಲ, ಆ ಇಳಿಜಾರಿನ ಮೇಲೆ ಯಾವ ಹೋಲ್ಡರೂ ನಿಲ್ಲಲ್ಲ. ಎಷ್ಟೇ ಟೈಟ್ ಮಾಡಿ, ಸಣ್ಣ ಕಡೆಗೆ ಜಾರ್ಕೊಂಡು ಹೋಗಿ ಲೂಸ್ ಆಗುತ್ತೆ. ಒಂದೋ ಪೂರ್ತಿ ಸ್ಟೆಮ್ ಪಕ್ಕದಲ್ಲಿ ದಪ್ಪ ಇರೋ ಜಾಗದಲ್ಲಿ ಹಾಕಿ, ಇಲ್ಲಾ ಪೂರ್ತಿ ಸಣ್ಣ ಆದ್ಮೇಲೆ ಹಾಕಿ. ಸ್ಟೆಮ್ ಪಕ್ಕ ಆದ್ರೆ ಇನ್ನೂ ಒಳ್ಳೇದು, ಹ್ಯಾಂಡಲ್ ತಿರುಗಿಸಿದ್ರೂ ಫೋನ್ ಜಾಸ್ತಿ ಅತ್ತಿತ್ತ ಓಲಾಡಲ್ಲ.

ಸರಿ ಈಗ ಒಂದೊಂದಾಗಿ. ಅತೀ ಕಮ್ಮಿದು ಸಿಲಿಕೋನ್, ರಬ್ಬರ್ ಬ್ಯಾಂಡ್ ಥರ ನಾಕು ಕಿವಿ ಇರುತ್ತೆ, ಹ್ಯಾಂಡಲ್‌ಗೆ ಒಂದು ಸುತ್ತು ಹಾಕಿ ಫೋನಿನ ನಾಕು ಮೂಲೆಗೆ ಕಿವಿ ಎಳೆದು ಸಿಕ್ಕಿಸೋದು. ನೂರರಿಂದ ಇನ್ನೂರು ಒಳಗೆ ಸಿಗುತ್ತೆ. ನೋಡೋಕೆ ಜುಜುಬಿ ಅನ್ಸುತ್ತೆ, ಇದಾ ಹದಿನೈದು ಸಾವಿರದ ಫೋನ್ ಕಾಯೋದು ಅಂತ ನಗು ಬರುತ್ತೆ, ಆದ್ರೆ ಊರೊಳಗೆ ಓಡಾಡೋಕೆ ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ. ಸ್ಕ್ರೂ ಇಲ್ಲ, ಪಾನಾ ಬೇಡ, ದಪ್ಪ ಹ್ಯಾಂಡಲ್ ಸಣ್ಣ ಹ್ಯಾಂಡಲ್ ಎರಡಕ್ಕೂ ಎಳೆದ್ರೆ ಆಯ್ತು. ರಬ್ಬರ್ರೇ ಆಗಿರೋದ್ರಿಂದ ಹಂಪ್ ಹಾರಿಸಿದಾಗ ಏಟು ಅದೇ ನುಂಗ್ಕೊಳುತ್ತೆ. ಮಗಳ ಸೈಕಲ್‌ಗೆ ಇದನ್ನೇ ಹಾಕಿದೀನಿ, ಪಿ.ಜೆ. ಬಡಾವಣೆ, ವಿದ್ಯಾನಗರ, ಎಲ್ಲಿ ಸುತ್ತಿದ್ರೂ ಇದುವರೆಗೂ ಏನೂ ತೊಂದ್ರೆ ಇಲ್ಲ. ಅಪ್ಪಾಜಿ ಸೈಕಲ್‌ಗೂ ಆಗೋದು ಇದೊಂದೇ, ಯಾಕಂದ್ರೆ ಆ ಹ್ಯಾಂಡಲ್ ಕೆಳಗೆ ಬ್ರೇಕ್ ರಾಡ್ ಉದ್ದಕ್ಕೂ ಹೋಗಿರುತ್ತೆ, ಬಳೆ ಥರ ಕ್ಲ್ಯಾಂಪ್ ಹಾಕಿದ್ರೆ ರಾಡಿಗೆ ತಾಗಿ ಬ್ರೇಕೇ ಹಿಡಿಯಲ್ಲ. ಸಿಲಿಕೋನ್ ಪಟ್ಟಿನ ರಾಡಿಗೂ ಹ್ಯಾಂಡಲಿಗೂ ನಡುವಿನ ಸಂದಿಯಿಂದ ತೂರಿಸಿ ಎಳ್ಕೋಬಹುದು. ಹಾಕಿದ್ಮೇಲೆ ಬ್ರೇಕ್ ಎರಡು ಸಲ ಹಿಡಿದು ನೋಡಿ, ರಾಡು ಆರಾಮಾಗಿ ಆಡ್ತಿರಬೇಕು.

ಇದರ ತೊಂದರೆನೂ ಇದಾವೆ. ಕಿವಿ ಬಂದು ಸ್ಕ್ರೀನಿನ ಮೂಲೆ ಮೇಲೆ ಕೂರುತ್ತೆ, ಮೂಲೇಲಿರೋ ಬಟನ್ ಒತ್ತೋಕೆ ಆಗಲ್ಲ, ಒಂದೊಂದ್ಸಲ ಅದೇ ಒತ್ಕೊಂಡು ಮ್ಯಾಪ್ ಹೋಗಿ ಇನ್ನೇನೋ ಓಪನ್ ಆಗುತ್ತೆ. ಆಮೇಲೆ ಬಿಸಿಲು. ಸೈಕಲ್ ಬಿಸಿಲಲ್ಲೇ ನಿಲ್ಲಿಸೋ ಅಭ್ಯಾಸ ಇದ್ರೆ ಸಿಲಿಕೋನ್ ಹಿಗ್ಗಿ ಮೆತ್ತಗಾಗ್ತಾ ಬರುತ್ತೆ, ಹರಿಯೋದಾದ್ರೆ ಯಾವಾಗ್ಲೂ ಕಿವಿಯ ತೂತಿನ ಹತ್ರಾನೇ. ವಾರಕ್ಕೊಂದ್ಸಲ ಕಿವಿ ಎಳೆದು ಬೆಳಕಿಗೆ ಹಿಡಿದು ನೋಡಿ, ಬೆಳ್ಳಗೆ ಕೂದಲೆಳೆಯಷ್ಟು ಗೆರೆ ಕಂಡ್ರೆ ಅವತ್ತೇ ಬಿಸಾಕಿ. ಇನ್ನೂರು ಗ್ರಾಂ ಹತ್ರ ತೂಕದ ಫೋನ್ ಮೂರು ಕಿವಿ ಮೇಲೆ ನಿಲ್ಲೋದು ಕಷ್ಟ.

ಎರಡನೇದು ಪ್ಲಾಸ್ಟಿಕ್ ಕೈ ಇರೋದು, ಎರಡು ಕಡೆಯಿಂದ ಸ್ಪ್ರಿಂಗ್ ಒತ್ತಿ ಹಿಡಿಯುತ್ತೆ, ಹಿಂದೆ ಒಂದು ಗುಂಡು ಇದ್ದು ಹೆಂಗ್ ಬೇಕಾದ್ರೂ ತಿರುಗುತ್ತೆ. ಇನ್ನೂರೈವತ್ತು ಮುನ್ನೂರಕ್ಕೆ ಇದೇ ಎಲ್ಲಾ ಅಂಗಡೀಲೂ ನೇತಾಕಿರ್ತಾರೆ. ನಾನು ಇದನ್ನ ಯಾರಿಗೂ ಹೇಳಲ್ಲ. ಫೋನನ್ನೇನೋ ಬಿಗಿಯಾಗೇ ಹಿಡಿಯುತ್ತೆ, ಆದ್ರೆ ಆ ಗುಂಡು ಪ್ಲಾಸ್ಟಿಕ್ಕು, ಅದನ್ನ ಬಿಗಿ ಮಾಡೋ ನಟ್ಟೂ ಪ್ಲಾಸ್ಟಿಕ್ಕು, ಹಳೇ ಪಿ.ಬಿ. ರಸ್ತೆಯ ಹಂಪ್‌ಗಳನ್ನ ಒಂದೆರಡು ದಾಟೋ ಅಷ್ಟರಲ್ಲಿ ಫೋನ್ ಕೋಲೆ ಬಸವನ ಥರ ಹೂಂ ಹೂಂ ಅಂತ ತಲೆ ಆಡಿಸೋಕೆ ಶುರು ಮಾಡುತ್ತೆ. ಇನ್ನೂ ಟೈಟ್ ಮಾಡೋಣ ಅಂತ ಹೋದ್ರೆ ನಟ್ಟಿನ ಥ್ರೆಡ್ಡೇ ಹೋಗುತ್ತೆ. ಜೊತೆಗೆ ಆ ಪಕ್ಕದ ಕೈ ಸರಿಯಾಗಿ ಬಂದು ವಾಲ್ಯೂಮ್, ಪವರ್ ಬಟನ್ ಮೇಲೆ ಕೂರುತ್ತೆ. ಫೋನ್ ಆಫ್ ಮಾಡ್ಲಾ ರೀಸ್ಟಾರ್ಟ್ ಮಾಡ್ಲಾ ಅಂತ ಕೇಳುತ್ತೆ. ಪವರ್ ಬಟನ್ ಐದು ಸಲ ಒತ್ತಿದ್ರೆ ಎಮರ್ಜೆನ್ಸಿ ಕಾಲ್ ಹೋಗೋ ಸೆಟ್ಟಿಂಗ್ ಈಗ ಎಷ್ಟೋ ಫೋನಲ್ಲಿದೆ, ಗುಂಡಿ ರಸ್ತೇಲಿ ಕುಲುಕ್ತಾ ಹೋಗ್ವಾಗ 112ಕ್ಕೆ ಫೋನ್ ಹೋದ್ರೆ ಅವರಿಗೆ ಏನ್ ಉತ್ತರ ಹೇಳ್ತೀರ. ಯಾವ ಹೋಲ್ಡರ್ ಆದ್ರೂ ಅಂಗಡೀಲೇ ನಿಮ್ಮ ಫೋನ್ ಕೂರಿಸಿ ಬಟನ್ ಎಲ್ಲಿ ಬರುತ್ತೆ ಅಂತ ನೋಡಿ ತಗೊಳ್ಳಿ.

ಮೂರನೇದು ಅಲ್ಯೂಮಿನಿಯಂದು, ಈಗ ನನ್ನ ಸೈಕಲ್ ಮೇಲಿರೋದು ಇದೇ. ನಾಕುನೂರರಿಂದ ಆರುನೂರು ಒಳಗೆ ಸಿಗುತ್ತೆ. ಇದರಲ್ಲಿ ಸ್ಪ್ರಿಂಗ್ ಇಲ್ಲ, ಪಕ್ಕದಲ್ಲಿರೋ ತಿರುಪು ತಿರುಗಿಸ್ತಾ ಹೋದ್ರೆ ಎರಡೂ ಕಡೆ ದವಡೆ ಹತ್ರ ಬಂದು ಫೋನ್ ಕಚ್ಚುತ್ತೆ. ಕೆಳಗೆ ಬಳೆ, ಅಲೆನ್ ಕೀ (ಆರು ಮೂಲೆ ಕೀ) ಹಾಕಿ ತಿರುಗಿಸೋ ಬೋಲ್ಟು, ಕೀನೂ ಬಾಕ್ಸಲ್ಲೇ ಕೊಡ್ತಾರೆ. ಒಂದ್ಸಲ ಸರಿಯಾಗಿ ಕೂತ್ರೆ ಹೈವೇ ಸರ್ವಿಸ್ ರಸ್ತೇಲಿ ಹೋದ್ರೂ ಕೊಂಡಜ್ಜಿ ಕಡೆಯ ಕಚ್ಚಾ ದಾರೀಲಿ ಇಳಿಸಿದ್ರೂ ಮಿಸುಕಾಡಲ್ಲ. ನಮ್ಮ ಚಿಕ್ಕಪ್ಪನ ಮಗ ಜೋಗಿಮಟ್ಟಿ ಇಳಿಜಾರಲ್ಲಿ ಬ್ರೇಕ್ ಹಿಡ್ಕೊಂಡು ಬರ್ತಾನೆ, ಅಲ್ಲಿ ಮೇಲೆ ಗಾಳಿ ಫ್ಯಾನ್‌ಗಳು ಸುಮ್ನೆ ನಿಲ್ಸಿಲ್ಲ, ಅಡ್ಡಗಾಳಿಗೆ ಸೈಕಲ್ಲೇ ವಾಲುತ್ತೆ, ಆದ್ರೂ ಅವನ ಅಲ್ಯೂಮಿನಿಯಂ ಹೋಲ್ಡರ್ ಅಲ್ಲಾಡಿಲ್ಲ ಅಂತಾನೆ.

ಆದ್ರೆ "ಸರಿಯಾಗಿ ಕೂತ್ರೆ" ಅಂದ್ನಲ್ಲ, ಅದಕ್ಕೆ ಸ್ವಲ್ಪ ಕೆಲಸ ಇದೆ. ಇದರ ಬಳೆ ಜಾಸ್ತಿ 31.8ಕ್ಕೆ ಅಂತಾನೇ ಮಾಡಿರೋದು, ಸಣ್ಣ ಹ್ಯಾಂಡಲ್‌ಗೆ ಅಂತ ಒಂದೆರಡು ರಬ್ಬರ್ ಪ್ಯಾಕಿಂಗ್ ಜೊತೆಗೆ ಕೊಡ್ತಾರೆ, ಅವು ಗಟ್ಟಿ ರಬ್ಬರು, ಜಾರ್ತವೆ. ಅಶೋಕ ರಸ್ತೆ ಕಡೆ ಒಬ್ರು ವಯಸ್ಸಾದ ಸೈಕಲ್ ರಿಪೇರಿಯೋರಿದಾರೆ, ಅವರ ಹತ್ರ ಮಗಳ ಸೈಕಲ್ ತಗೊಂಡು ಹೋಗಿ ಇದನ್ನ ಹಾಕಿಸೋಣ ಅಂತ ಕೊಟ್ಟಿದ್ದೆ. ಬಾಕ್ಸಲ್ಲಿದ್ದ ಪ್ಯಾಕಿಂಗ್ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ ಪಕ್ಕಕ್ಕೆ ಇಟ್ರು. "ಇದು ಕೂರಲ್ಲ ಸಾರ್, ಎರಡು ದಿನಕ್ಕೆ ತಿರುಗ್ತೈತೆ" ಅಂದು ಮೂಲೇಲಿದ್ದ ಹಳೇ ಟ್ಯೂಬ್ ಒಂದನ್ನ ಎಳ್ಕೊಂಡು ಬ್ಲೇಡಲ್ಲಿ ಎರಡು ಬೆರಳಗಲ ಪಟ್ಟಿ ಕುಯ್ದ್ರು. ಹ್ಯಾಂಡಲ್ ಮೇಲಿನ ಎಣ್ಣೆ ಜಿಡ್ಡು ಬಟ್ಟೇಲಿ ಒರೆಸಿ, ಪಟ್ಟಿನ ಎಳೆದೆಳೆದು ಒಂದು ಸುತ್ತು ಸುತ್ತಿ, ತುದಿ ಕೆಳಗಡೆ ಬರೋ ಹಂಗೆ ಹಿಡಿದು ಅದರ ಮೇಲೆ ಬಳೆ ಕೂರಿಸಿದ್ರು. ಬೋಲ್ಟು ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಗಿ ಮಾಡ್ತಾ ಬಂದ್ರು, ಒಂದೇ ಕಡೆ ಪೂರ್ತಿ ಬಿಗಿ ಮಾಡಿದ್ರೆ ಬಳೆ ಸೊಟ್ಟ ಆಗುತ್ತಂತೆ. ಆಮೇಲೆ ಹೋಲ್ಡರ್ ಹಿಡಿದು ಜೋರಾಗಿ ಒಂದ್ಸಲ ತಿರುಚಿದ್ರು, ಮುಂದಿನ ಚಕ್ರ ತಿರುಗಿತೇ ಹೊರತು ಹೋಲ್ಡರ್ ಹ್ಯಾಂಡಲ್ ಮೇಲೆ ಜಗ್ಗಲಿಲ್ಲ. "ಈಗ ನೋಡ್ರಿ" ಅಂದ್ರು. ಟ್ಯೂಬಿಗೆ ದುಡ್ಡು ತಗೊಳ್ಳಿಲ್ಲ, ಕೆಲಸಕ್ಕೆ ಇಪ್ಪತ್ತು ರೂಪಾಯಿ. ಮಗಳಿಗೆ ಬುಟ್ಟಿ ಇರೋ ಸೈಕಲ್ ಮೇಲೆ ಅಷ್ಟು ದೊಡ್ಡದು ಚೆನ್ನಾಗಿ ಕಾಣಲ್ಲ ಅನ್ನಿಸಿ ಕೊನೆಗೆ ಅದು ನನ್ನ ಸೈಕಲ್‌ಗೆ ಬಂತು, ಅದು ಬೇರೆ ಕಥೆ. ಆದ್ರೆ ಈ ಟ್ಯೂಬ್ ಪಟ್ಟಿ ಇಲ್ಲದೆ ಬಳೆ ಇರೋ ಯಾವ ಹೋಲ್ಡರೂ ಹಾಕಬೇಡಿ, ಪಂಚರ್ ಅಂಗಡೀಲಿ ಕೇಳಿದ್ರೆ ಸುಮ್ನೆ ಕೊಡ್ತಾರೆ.

ಅಲ್ಯೂಮಿನಿಯಂದರ ಇನ್ನೊಂದು ಗುಣ, ಗಡಗಡ ಅನ್ನೋದು ಪೂರ್ತಿ ಫೋನಿಗೆ ಹೋಗುತ್ತೆ, ಮಧ್ಯೆ ನುಂಗೋಕೆ ಏನೂ ಇಲ್ಲ. ಇದರಿಂದ ಕ್ಯಾಮೆರಾ ಹಾಳಾಗುತ್ತೆ ಅಂತ ಹೆದರಿಸೋರು ತುಂಬಾ ಜನ. ವಿಷಯ ಪೂರ್ತಿ ಸುಳ್ಳಲ್ಲ, ಆಪಲ್‌ನೋರು 2021ರಲ್ಲಿ ಹೇಳಿದ್ರು, ದೊಡ್ಡ ಇಂಜಿನ್ ಮೋಟಾರ್ ಸೈಕಲ್‌ಗಳ ಹ್ಯಾಂಡಲ್ ಮೇಲೆ ಐಫೋನ್ ಕೂರಿಸಬೇಡಿ, ಒಳಗೆ ಲೆನ್ಸ್ ಅಲ್ಲಾಡದಂಗೆ ನೋಡ್ಕೊಳ್ಳೋ ವ್ಯವಸ್ಥೆ ಆ ವೈಬ್ರೇಶನ್‌ಗೆ ಹಾಳಾಗಬಹುದು ಅಂತ. ಅದು ಇಂಜಿನ್ ಒಂದೇ ಸಮನೆ ನಡುಗೋದರ ಮಾತು. ಸೈಕಲ್‌ಗೆ ಇಂಜಿನ್ ಇಲ್ಲ, ಟೈರಲ್ಲಿ ಗಾಳಿ ಇದೆ, ಹ್ಯಾಂಡಲ್ ನಿಮ್ಮ ಕೈಯಲ್ಲೇ ಇದೆ. ಆದ್ರೂ ಓಐಎಸ್ (ಲೆನ್ಸ್ ಅಲ್ಲಾಡದಂಗೆ ನೋಡ್ಕೊಳ್ಳೋ ಆ ವ್ಯವಸ್ಥೆ) ಇರೋ ದುಬಾರಿ ಫೋನ್ ಆಗಿದ್ರೆ, ದಿನಾ ಕಲ್ಲು ರಸ್ತೇಲೇ ಓಡಾಡೋದಾದ್ರೆ, ಸಿಲಿಕೋನ್ ಕಡೆಗೇ ಹೋಗಿ ಅಂತೀನಿ. ಹತ್ತು ಹನ್ನೆರಡು ಸಾವಿರದ ಫೋನ್‌ಗಳಲ್ಲಿ ಸಾಮಾನ್ಯವಾಗಿ ಓಐಎಸ್ ಇರೋದೇ ಇಲ್ಲ, ಅವರು ಈ ಚಿಂತೆ ಬಿಡಿ.

ನಾಕನೇದು ಬ್ಯಾಗು. ಹ್ಯಾಂಡಲ್ ಹಿಂದೆ ಫ್ರೇಮ್ ಪೈಪ್ ಮೇಲೆ ವೆಲ್ಕ್ರೋ ಪಟ್ಟಿಯಲ್ಲಿ ಕಟ್ಟೋದು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿ, ಒಳಗೆ ಫೋನ್. ಐನೂರರ ಆಸುಪಾಸು. ಮಳೆಗೆ ಒಳ್ಳೇದು, ಪಂಚರ್ ಸಾಮಾನು, ಕೀ, ಸ್ವಲ್ಪ ಮಂಡಕ್ಕಿ ಎಲ್ಲಾ ಇಟ್ಕೋಬಹುದು. ಆದ್ರೆ ನಮ್ಮೂರ ಬೇಸಿಗೆಗೆ ಇದು ಆಗಲ್ಲ. ಫೋನ್ ಕಂಪನಿಯೋರೇ ಸುತ್ತಲಿನ ಶಾಖ 35 ಡಿಗ್ರಿ ಒಳಗೆ ಇರಲಿ ಅಂತಾರೆ, ನಮಗೆ ಮಾರ್ಚ್ ಮುಗಿಯೋ ಹೊತ್ತಿಗೆ ಮಧ್ಯಾಹ್ನ 37-38 ಅನ್ನೋದು ಮಾಮೂಲಿ. ಮುಚ್ಚಿದ ಪ್ಲಾಸ್ಟಿಕ್ ಒಳಗೆ ಗಾಳಿ ಆಡಲ್ಲ, ಮ್ಯಾಪ್ ಆನ್ ಇರುತ್ತೆ, ಮೇಲಿಂದ ಬಿಸಿಲು, ಸ್ಕ್ರೀನ್ ತಾನೇ ಮಂಕಾಗುತ್ತೆ, ಆಮೇಲೆ ಬಿಸಿ ಆಗಿದೆ ಅಂತ ಮೆಸೇಜ್ ಬರುತ್ತೆ. ಸೂರ್ಯನ ಬೆಳಕಿಗೆ ಆ ಪ್ಲಾಸ್ಟಿಕ್ ಕಿಟಕಿ ಮಿರಮಿರ ಹೊಳೆದು ಏನೂ ಕಾಣಲ್ಲ ಅನ್ನೋದು ಬೇರೆ. ಜೂನ್ ಆದ್ಮೇಲೆ ಬೇಕಾದ್ರೆ ತಗೊಳ್ಳಿ.

ಬಿಸಿಲಿನ ಮಾತು ಬಂತು ಅಂತ ಹೇಳ್ತೀನಿ, ತೆರೆದ ಹೋಲ್ಡರಲ್ಲೂ ಫೋನಿಗೆ ದಪ್ಪ ಕಪ್ಪು ಕವರ್ ಹಾಕಿದ್ರೆ ಬಿಸಿ ಜಾಸ್ತಿನೇ. ಬೇಸಿಗೇಲಿ ಒಂಬತ್ತು ಗಂಟೆ ಮೇಲೆ ಓಡಿಸೋದಾದ್ರೆ ಕವರ್ ತೆಗೆದು ಹಾಕಿ, ಪವರ್ ಬ್ಯಾಂಕ್ ಸಿಕ್ಕಿಸ್ಕೊಂಡು ಚಾರ್ಜ್ ಮಾಡ್ತಾ ಹೋಗಬೇಡಿ, ಚಾರ್ಜ್ ಆಗೋ ಬಿಸಿ ಬಿಸಿಲಿನ ಬಿಸಿ ಎರಡೂ ಸೇರುತ್ತೆ. ಬರೀ ಎಷ್ಟು ಕಿಲೋಮೀಟರ್ ಹೊಡೆದೆ ಅಂತ ನೋಡೋಕೆ ಸ್ಟ್ರಾವಾ ಆ್ಯಪ್ ಹಾಕೋರು ಹೋಲ್ಡರ್ ಇಲ್ದೇನೂ ನಡೆಸಬಹುದು, ಸ್ಕ್ರೀನ್ ಆಫ್ ಮಾಡಿ ಜೇಬಲ್ಲಿಟ್ರೂ ಅದು ಲೆಕ್ಕ ಹಿಡೀತಾನೇ ಇರುತ್ತೆ. ಹೋಲ್ಡರ್ ಬೇಕಾಗಿರೋದು ದಾರಿ ಗೊತ್ತಿಲ್ಲದ ಕಡೆ ಹೋಗೋರಿಗೆ, ಡೆಲಿವರಿ ಕೆಲಸದ ಹುಡುಗರಿಗೆ.

ಮ್ಯಾಗ್ನೆಟ್ ಹೋಲ್ಡರ್ ಬಗ್ಗೆ ಒಂದೇ ಮಾತು, ಸೈಕಲ್‌ಗೆ ಬೇಡ. ಕಾರಿನ ಡ್ಯಾಶ್‌ಬೋರ್ಡಿಗೆ ಸರಿ. ಹಂಪ್ ಮೇಲೆ ಬಿಡುತ್ತೆ, ಜೊತೆಗೆ ಫೋನ್ ಒಳಗಿನ ದಿಕ್ಸೂಚಿ ತಪ್ಪು ತೋರಿಸಿ ಮ್ಯಾಪ್‌ನಲ್ಲಿ ಬಾಣ ಉಲ್ಟಾ ತಿರುಗಿ ನಿಲ್ಲಬಹುದು.

ಎಲ್ಲಿ ತಗೊಳ್ಳೋದು ಅಂತ ಕೇಳೋರಿಗೆ, ಮೊಬೈಲ್ ಅಂಗಡಿಗಳಲ್ಲಿ ಇರೋದು ಹೆಚ್ಚಾಗಿ ಮೋಟಾರ್ ಬೈಕಿಂದು, ರೇಟೂ ಐವತ್ತು ನೂರು ಮೇಲೆ. ಆದ್ರೆ ಚೌಕಾಸಿ ಮಾಡಬಹುದು, ಫೋನ್ ಕೂರಿಸಿ ನೋಡಬಹುದು. ಸೈಕಲ್ ಅಂಗಡಿಗಳಲ್ಲಿ ಆ ಪ್ಲಾಸ್ಟಿಕ್ ಕೈಯಿಂದೇ ಜಾಸ್ತಿ, ಅಲ್ಯೂಮಿನಿಯಂ ಕೇಳಿದ್ರೆ ತರಿಸಿಕೊಡ್ತೀನಿ ಅಂತಾರೆ. ಆನ್‌ಲೈನ್‌ನಲ್ಲಿ ಸಿಲಿಕೋನ್ ತಗೊಳ್ಳೋದಾದ್ರೆ ಎರಡು ಪೀಸ್ ಒಟ್ಟಿಗೆ ಇರೋದು ನೋಡಿ, ಡೆಲಿವರಿ ಚಾರ್ಜೇ ಅದರ ಅರ್ಧ ರೇಟ್ ಆಗಿರುತ್ತೆ. ರಿವ್ಯೂಗಳಲ್ಲಿ ಐದು ಸ್ಟಾರ್ ಕೊಟ್ಟು ಸೂಪರ್ ಅಂತ ಬರೆದಿರೋದನ್ನ ಬಿಡಿ, ಮೂರು ಸ್ಟಾರಿನವನ್ನ ಓದಿ, ಏನು ಮುರೀತು ಎಲ್ಲಿ ಮುರೀತು ಅಂತ ಅವರೇ ಸರಿಯಾಗಿ ಬರೆದಿರ್ತಾರೆ. ಬಾಕ್ಸ್ ಬಂದ ತಕ್ಷಣ ಬೋಲ್ಟು ಪೂರ್ತಿ ಒಳಗೆ ಹೋಗುತ್ತಾ, ಥ್ರೆಡ್ ಸರಿ ಇದೆಯಾ ಅಂತ ಕೈಯಲ್ಲೇ ತಿರುಗಿಸಿ ನೋಡಿ, ವಾಪಸ್ ಕೊಡೋದಾದ್ರೆ ಆ ಟೈಮಲ್ಲೇ ಕೊಡಬೇಕು.

ಯಾವುದೇ ಹಾಕಿದ್ರೂ ಕೂದಲಿಗೆ ಹಾಕೋ ದಪ್ಪ ರಬ್ಬರ್ ಬ್ಯಾಂಡ್ ಒಂದು ತಗೊಂಡು ಫೋನಿನ ಕೆಳಭಾಗಕ್ಕೆ ಅಡ್ಡ ಹಾಕಿ ಹೋಲ್ಡರ್ ಹಿಂದಕ್ಕೆ ಸಿಕ್ಕಿಸಿ. ಐದು ರೂಪಾಯಿದು. ದವಡೆ ಲೂಸ್ ಆದ್ರೂ ಫೋನ್ ನೇತಾಡುತ್ತೆ, ರಸ್ತೆಗೆ ಬೀಳಲ್ಲ.

ಮಾರ್ಕೆಟ್ ಕಡೆ ಸೈಕಲ್ ನಿಲ್ಲಿಸಿ ಹೋಗೋರು ಸಿಲಿಕೋನ್ ಆದ್ರೆ ಬಿಚ್ಚಿ ಜೇಬಿಗೆ ಹಾಕ್ಕೊಳ್ಳಿ, ಮಂಡಿಪೇಟೆಲಿ ತರಕಾರಿ ತಗೊಂಡು ಬರೋ ಅಷ್ಟರಲ್ಲಿ ನಮ್ಮ ಪಕ್ಕದ ಮನೆಯೋರದು ಯಾರೋ ಎಳ್ಕೊಂಡು ಹೋಗಿದ್ರು. ಅಲ್ಯೂಮಿನಿಯಂದನ್ನ ಬಿಚ್ಚೋಕೆ ಅಲೆನ್ ಕೀ ಬೇಕಲ್ಲ, ಅದನ್ನ ಯಾರೂ ಮುಟ್ಟಲ್ಲ, ಬರೀ ಸಣ್ಣ ಹುಡುಗರು ತಿರುಪು ತಿರುಗಿಸಿ ಆಟ ಆಡಿರ್ತಾರೆ, ಹೊರಡೋ ಮುಂಚೆ ಒಂದ್ಸಲ ಬಿಗಿ ಮಾಡ್ಕೊಂಡು ಹೊರಡಿ.